ಸಂಜೆ ಐದರ ಹಸಿವು

"ರಾತ್ರಿ ಊಟಾನೇ ಮಾಡಲ್ಲ ಮೇಡಂ. ಬರೀ ಪ್ಯಾಕೆಟ್ ತಿಂಡಿ. ಹೇಳಿ ಹೇಳಿ ಸಾಕಾಯ್ತು."

ಮಗನ ಊಟದ ಬಗ್ಗೆ ನನ್ನ ಸಲಹೆ ಕೇಳಲು ಬಂದ ಅಮ್ಮ ಇಷ್ಟು ಹೇಳುವಷ್ಟರಲ್ಲಿ ಪಕ್ಕದಲ್ಲಿದ್ದ 15 ವರ್ಷದ ಮಗ ತಲೆ ತಗ್ಗಿಸಿಬಿಟ್ಟಿದ್ದ. ಈ ಮಾತು ಅವನು ಎಷ್ಟು ಸಲ ಕೇಳಿದ್ದಾನೋ. ನಾನು ಅವನ ಕೈಗೆ ಒಂದು ಹಾಳೆ ಕೊಟ್ಟೆ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನು ತಿಂದೆ, ಎಷ್ಟು ಗಂಟೆಗೆ ತಿಂದೆ, ಬರಿ ಎಂದೆ. ಅಮ್ಮ ನೆನಪಿಸಲು ಬಾಯಿ ತೆರೆದರು. "ಅವನೇ ಬರೀಲಿ ಬಿಡಿ" ಎಂದೆ.

ಅವನು ಬರೆದದ್ದು ಇಷ್ಟು. ಬೆಳಿಗ್ಗೆ 7.10ಕ್ಕೆ ಅರ್ಧ ಲೋಟ ಹಾಲು. ಮಧ್ಯಾಹ್ನ ಡಬ್ಬಿಯ ಊಟ, ಕಾಲು ಭಾಗ. ಸಂಜೆ 5ಕ್ಕೆ ದೊಡ್ಡ ಪ್ಯಾಕೆಟ್ ಚಿಪ್ಸ್, ಎರಡು ಪ್ಯಾಕೆಟ್ ನೂಡಲ್ಸ್, ಒಂದು ಕೋಲಾ. ರಾತ್ರಿ 9ಕ್ಕೆ ಎರಡು ತುತ್ತು. 11.30ಕ್ಕೆ ಬಿಸ್ಕತ್ತು.

ಅಮ್ಮನಿಗೆ ಕಂಡದ್ದು ರಾತ್ರಿ 9ರ ಸಾಲು. ನನಗೆ ಕಂಡದ್ದು ಮೊದಲ ಎರಡು ಸಾಲು. ಎತ್ತರ ಬೆಳೆಯುತ್ತಿರುವ ಹುಡುಗ ಸಂಜೆ ಐದರ ತನಕ ಹೆಚ್ಚುಕಡಿಮೆ ಉಪವಾಸ ಇದ್ದ. ಮನೆಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ತಿಂದ. ಹೊಟ್ಟೆ ತುಂಬಿದ ಮೇಲೆ ರಾತ್ರಿ ಊಟ ಹೇಗೆ ಸೇರುತ್ತದೆ ಹೇಳಿ?

ಬೆಳಿಗ್ಗೆ ತಿನ್ನದಿರುವುದಕ್ಕೂ ಕಾರಣ ಇದೆ. ಹದಿಹರೆಯದಲ್ಲಿ ನಿದ್ರೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಬೇಗ ಮಲಗು ಎಂದರೂ ನಿದ್ದೆ ಹತ್ತುವುದಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ಅಲಾರಂ ಅಷ್ಟು ಕಾಯುವುದಿಲ್ಲ ಅಲ್ವಾ? ಅರೆನಿದ್ದೆಯಲ್ಲಿ ಎದ್ದವರಿಗೆ ಹಸಿವು ಇರುವುದಿಲ್ಲ. ನಿದ್ದೆ ಕಮ್ಮಿಯಾದ ದಿನ ಸಿಹಿ, ಕರಿದ ತಿಂಡಿಯ ಮೇಲೆ ಆಸೆ ಬೇರೆ ಜಾಸ್ತಿ. ಏಳು ಗಂಟೆಗೆ ಬಲವಂತವಾಗಿ ತುರುಕುವ ಬದಲು ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ ಚೀಲಕ್ಕೆ ಹಾಕಿ ಕೊಡಿ. ಮೊದಲ ಬಿಡುವಿನ ಹೊತ್ತಿಗೆ ಅವರಿಗೇ ಹಸಿವಾಗುತ್ತದೆ.

ಡಬ್ಬಿ ಯಾಕೆ ವಾಪಸ್ ಬರುತ್ತೆ ಎಂದು ಹುಡುಗನನ್ನು ಕೇಳಿದೆ. "ಬಿಡುವು ಇರೋದೇ 20 ನಿಮಿಷ. ಕೈ ತೊಳೆಯೋ ಸಾಲಲ್ಲೇ ಅರ್ಧ ಹೋಗುತ್ತೆ" ಎಂದ. ಅಮ್ಮ ಇದನ್ನು ಮೊದಲ ಸಲ ಕೇಳುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಬಗೆ ಮಾಡಿ ಡಬ್ಬಿ ತುಂಬುವ ತಾಯಿ ಅವರು. ಕಣ್ಣಲ್ಲಿ ನೀರು ಬಂತು. ಒಂದೇ ಬಗೆ ಸಾಕು, ಕೈಯಲ್ಲಿ ಹಿಡಿದು ಐದು ನಿಮಿಷದಲ್ಲಿ ತಿನ್ನುವಂತಿರಲಿ ಎಂದು ಅಲ್ಲೇ ಮಾತಾಯಿತು. ಕೆಲಸವೂ ಕಮ್ಮಿಯಾಯಿತು.

ಇನ್ನು ಸಂಜೆ ಐದು. ಬಿಡುವಿಲ್ಲದ ಮನೆಯವರು ಏನಾದರೂ ಒಂದನ್ನು ಮಾತ್ರ ಬದಲಾಯಿಸುವುದಾದರೆ ಈ ಹೊತ್ತನ್ನು ಬದಲಾಯಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಕುರುಕಲಿನ ಹೊತ್ತು ಎನ್ನಬೇಡಿ, ಒಂದು ಪುಟ್ಟ ಊಟ ಎಂದೇ ಲೆಕ್ಕ ಹಾಕಿ. ಬೇಯಿಸಿದ ಮೊಟ್ಟೆ, ಬೆಂದ ಕಾಳು, ಮೊಸರು, ಹೆಚ್ಚಿದ ಹಣ್ಣು. ಫ್ರಿಜ್ ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಖಾನೆಯಲ್ಲಿ, ಮುಚ್ಚಳ ತೆಗೆದು ತಿನ್ನುವ ಹಾಗೆ ಇರಲಿ. ಹಸಿದ ಹುಡುಗ ಸೌತೆಕಾಯಿ ಹೆಚ್ಚುತ್ತಾ ನಿಲ್ಲುವುದಿಲ್ಲ, ಹೆಚ್ಚಿಟ್ಟಿದ್ದರೆ ಖಂಡಿತ ತಿನ್ನುತ್ತಾನೆ. ಇದನ್ನು ಹಿಂದಿನ ರಾತ್ರಿ ಹತ್ತು ನಿಮಿಷದಲ್ಲಿ ಮಾಡಿಡಬಹುದು. ಆ ಹತ್ತು ನಿಮಿಷಕ್ಕೆ ಅವನನ್ನೂ ಜೊತೆಗೆ ಕರೆದುಕೊಳ್ಳಿ.

ಪ್ಯಾಕೆಟ್ ತಿಂಡಿಯಿಂದ ಆಗುವುದೇನು? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಅವರ ಜೊತೆಗಾರರು 20 ವಯಸ್ಕರನ್ನು ಒಂದೇ ಕಡೆ ಇಟ್ಟು ನೋಡಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಕಾರ್ಖಾನೆಯ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು. ದೊಡ್ಡವರ ಕಥೆಯೇ ಹೀಗೆ. ಹಾಗಿರುವಾಗ ಮಗುವಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವುದು ನ್ಯಾಯವಲ್ಲ.

ಕೋಲಾದ ವಿಷಯವನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಮೇಜಿನ ಮೇಲೆ ಸಕ್ಕರೆ ಡಬ್ಬಿ, ಚಮಚ, ಖಾಲಿ ಲೋಟ ಇಟ್ಟಿರುತ್ತೇನೆ. 330 ಮಿಲಿಲೀಟರ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹಾಕು ನೋಡೋಣ ಎಂದೆ. ಆರನೇ ಚಮಚಕ್ಕೆ ಕೈ ನಿಂತಿತು, ನನ್ನ ಮುಖ ನೋಡಿದ. ಇನ್ನೂ ಮೂರು ಎಂದೆ. ಆಮೇಲೆ ಅವನೇ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೀಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಟ್ಟು ಶುರುವಾದ ಮೇಲೆ ಕಬ್ಬಿಣದ ಅಂಶ ಜಾಸ್ತಿ ಬೇಕು. ಕಾಳು, ಸೊಪ್ಪಿನ ಜೊತೆ ನಿಂಬೆರಸ ಹಿಂಡಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹತ್ತುವುದು ಕಮ್ಮಿ. ಇನ್ನೊಂದು ಮಾತು ಗಂಡುಮಕ್ಕಳಿಗೂ ಸೇರಿಯೇ. "ದಪ್ಪ ಆಗಿದ್ದೀಯ" ಎಂದು ತಮಾಷೆಗೂ ಅನ್ನಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ: ತೂಕದ ಮಾತು ಬಿಡಿ, ಡಯಟ್ ಮಾಡಿಸಬೇಡಿ, ಜೊತೆಯಲ್ಲಿ ಕೂತು ಊಟ ಮಾಡಿ. ಮಗಳು ಊಟ ತಪ್ಪಿಸುತ್ತಿದ್ದರೆ, ಮುಟ್ಟು ನಿಂತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಜೊತೆ ಊಟ ಅಂದರೆ ವಾರದ ಏಳೂ ರಾತ್ರಿ ಎಂದು ಗಾಬರಿಯಾಗಬೇಡಿ. ಎರಡರಿಂದ ಶುರು ಮಾಡಿ. ಭಾನುವಾರದ ಬೆಳಗಿನ ತಿಂಡಿಯೂ ನಡೆಯುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ, ಅಪ್ಪನದೂ ಸೇರಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ದೊಡ್ಡವರ ಪಾಲಿಗಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಕ್ಕಳಿಗೇ ಬಿಡಿ. ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಹೇಳಿಕೊಟ್ಟ ಈ ಪಾಲು ಹಂಚಿಕೆಯಿಂದ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಜಗಳ ನಿಂತಿದ್ದನ್ನು ನಾನು ಕಂಡಿದ್ದೇನೆ.

ಆರು ವಾರ ಬಿಟ್ಟು ಅದೇ ಹುಡುಗ ಬಂದ. ಹಾಳೆಯಲ್ಲಿ ಸಂಜೆ 5ರ ಮುಂದೆ ಎರಡು ಮೊಟ್ಟೆ, ಒಂದು ಬಟ್ಟಲು ಕಾಳು, ಅರ್ಧ ಪ್ಯಾಕೆಟ್ ಚಿಪ್ಸ್ ಎಂದಿತ್ತು. ರಾತ್ರಿ ಊಟ ಎಂಟೂವರೆಗೆ ಬಂದಿತ್ತು. ಚಿಪ್ಸ್ ಬರೆದಿದ್ದಕ್ಕೆ ಅಮ್ಮ ಮುಜುಗರಪಟ್ಟರು, ನನಗೆ ಅವನು ಮುಚ್ಚಿಡದೆ ಬರೆದದ್ದೇ ಸಂತೋಷವಾಯಿತು. ಆಮೇಲೆ ಇನ್ನೊಂದು ಹಾಳೆ ತೆಗೆದು ಅಮ್ಮನ ಮುಂದಿಟ್ಟೆ. ಬೆಳಿಗ್ಗೆಯ ಸಾಲಿನಲ್ಲಿ ಅವರು ಬರೆದದ್ದು ಒಂದೇ ಪದ: ಕಾಫಿ. ಮಧ್ಯಾಹ್ನದ ಸಾಲಿಗೆ ಬಂದು ಪೆನ್ನು ನಿಂತಿತು. "ಅಮ್ಮ, ನಿನ್ನೆ ನೀನು ಮಧ್ಯಾಹ್ನ ಊಟಾನೇ ಮಾಡಿಲ್ಲ" ಎಂದ ಮಗ.