ಯಾರ ಜೊತೆ ಆಡಬೇಕು: ಅಮೆರಿಕದ ಸಣ್ಣ ಕಾಲೇಜುಗಳ ನೂರು ವರ್ಷದ ಹುಡುಕಾಟ

2011ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಏಳು ಸಣ್ಣ ಕಾಲೇಜುಗಳು ತಾವಿದ್ದ ಕ್ರೀಡಾ ಕೂಟವನ್ನು, ಅಂದರೆ ತಮ್ಮೊಳಗೇ ಆಡುವ ಕಾಲೇಜುಗಳ ಗುಂಪನ್ನು, ಬಿಟ್ಟು ಹೊರಬಂದವು. ಟೆಕ್ಸಸ್, ಕೊಲೊರಾಡೊವರೆಗೆ ಹೋಗಿ ಆಡಿ ಬರುವುದು ದುಬಾರಿ, ಮಕ್ಕಳ ಕ್ಲಾಸೂ ತಪ್ಪುತ್ತದೆ ಅನ್ನುವುದು ಮುಖ್ಯ ಕಾರಣ. ಇನ್ನೊಂದು ಕಾಲೇಜನ್ನು ಜೊತೆಗೆ ಸೇರಿಸಿಕೊಂಡು, ಸದರ್ನ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಹೊಸ ಕೂಟ ಕಟ್ಟಿದರು. 2025ರಲ್ಲಿ ಅದೇ ಕೂಟಕ್ಕೆ ಟೆಕ್ಸಸ್‌ನ ಎರಡು ಕಾಲೇಜುಗಳು ಪೂರ್ಣ ಸದಸ್ಯರಾಗಿ ಬಂದವು: ಸ್ಯಾನ್ ಆಂಟೋನಿಯೊದ ಟ್ರಿನಿಟಿ ಮತ್ತು ಜಾರ್ಜ್‌ಟೌನ್ ಊರಿನ ಸೌತ್‌ವೆಸ್ಟರ್ನ್. ಎರಡೂ 2011ರಲ್ಲಿ ಇವರು ಬಿಟ್ಟುಬಂದ ಹಳೇ ಕೂಟದವೇ.

ದೂರ ಅಂತ ಬಿಟ್ಟು ಬಂದವರು ಮತ್ತೆ ದೂರದವರನ್ನೇ ಯಾಕೆ ಸೇರಿಸಿಕೊಂಡರು? ಇದಕ್ಕೆ ಉತ್ತರ ಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

ಮೊದಲು ಈ ಕೂಟ ಅಂದರೆ ಏನು ಅಂತ ನೋಡೋಣ. ನಮ್ಮಲ್ಲಿ ಒಂದು ಕಾಲೇಜು ತಂಡ ಯಾರ ಎದುರು ಆಡಬೇಕು ಅನ್ನುವುದು ಹೆಚ್ಚಾಗಿ ತಾನಾಗೇ ತೀರ್ಮಾನವಾಗುತ್ತದೆ. ಯಾವ ವಿಶ್ವವಿದ್ಯಾಲಯದ ಕಾಲೇಜೋ ಅದರ ಅಂತರ ಕಾಲೇಜು ಟೂರ್ನಿಯಲ್ಲಿ ಆಡುತ್ತಾರೆ. ಅಲ್ಲಿ ಗೆದ್ದು ಆಯ್ಕೆಯಾದವರು ವಲಯ ಮಟ್ಟಕ್ಕೆ ಹೋಗುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಕಾಲೇಜುಗಳೇ ಒಪ್ಪಂದ ಮಾಡಿಕೊಂಡು ಗುಂಪು ಕಟ್ಟಿಕೊಳ್ಳುತ್ತವೆ. ಅದನ್ನು ಕಾನ್ಫರೆನ್ಸ್ ಅನ್ನುತ್ತಾರೆ. ವರ್ಷದ ಹೆಚ್ಚಿನ ಪಂದ್ಯಗಳು ಈ ಗುಂಪಿನೊಳಗೇ ನಡೆಯುತ್ತವೆ. ಗುಂಪಿನ ಚಾಂಪಿಯನ್‌ಗೆ ರಾಷ್ಟ್ರ ಮಟ್ಟದ ಟೂರ್ನಿಗೆ ನೇರ ಪ್ರವೇಶ ಸಿಗುತ್ತದೆ. ಆದರೆ ಆ ನೇರ ಪ್ರವೇಶ ಉಳಿಯಬೇಕಾದರೆ ಗುಂಪಿನಲ್ಲಿ ಕನಿಷ್ಠ ಇಷ್ಟು ಕಾಲೇಜು ಇರಲೇಬೇಕು ಅನ್ನುವ ನಿಯಮ ಇದೆ. ಒಂದು ಕಾಲೇಜು ಹೊರಟರೆ ಉಳಿದವರಿಗೂ ಆತಂಕ ಶುರುವಾಗುವುದು ಇದೇ ಕಾರಣಕ್ಕೆ.

ಇಂಥ ಗುಂಪುಗಳಲ್ಲಿ ಅತಿ ಹಳೆಯದು ಮಿಷಿಗನ್ ರಾಜ್ಯದ್ದು. 1888ರಲ್ಲಿ ಹುಟ್ಟಿದ ಆ ಕೂಟ ಇವತ್ತಿಗೂ ನಡೆಯುತ್ತಿದೆ, ಅದರಲ್ಲಿ ಇರುವುದೂ ಸಣ್ಣ ಕಾಲೇಜುಗಳೇ. ಈ ವ್ಯವಸ್ಥೆಯ ಬೇರು ಇರುವುದು ದೊಡ್ಡ ಸ್ಟೇಡಿಯಂಗಳಲ್ಲಿ ಅಲ್ಲ, ಕೆಲವೇ ನೂರು ಮಕ್ಕಳು ಓದುತ್ತಿದ್ದ ಇಂಥ ಊರುಗಳಲ್ಲಿ.

ಆ ಕಾಲದಲ್ಲಿ ಸಣ್ಣ ಕಾಲೇಜು ದೊಡ್ಡವರನ್ನು ಸೋಲಿಸುವುದು ಅಪರೂಪ ಏನಲ್ಲ. ಟೆನೆಸೀ ರಾಜ್ಯದ ಗುಡ್ಡದ ಮೇಲೆ ಸುವಾನಿ ಅನ್ನುವ ಊರಿದೆ. ಅಲ್ಲಿನ ಯೂನಿವರ್ಸಿಟಿ ಆಫ್ ದ ಸೌತ್ ಅನ್ನು ಎಲ್ಲರೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ. 1899ರಲ್ಲಿ ಅದರ ಫುಟ್‌ಬಾಲ್ ತಂಡ (ಇಲ್ಲೆಲ್ಲ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡು ಅಲ್ಲ, ಅಮೆರಿಕನ್ ಫುಟ್‌ಬಾಲ್) ರೈಲು ಹತ್ತಿ ಸುಮಾರು 2,500 ಮೈಲಿ ಸುತ್ತಿತು. ಆರು ದಿನದಲ್ಲಿ ಐದು ಪಂದ್ಯ ಆಡಿತು. ಎದುರಾಳಿಗಳು ಟೆಕ್ಸಸ್, ಟೆಕ್ಸಸ್ ಎ ಆ್ಯಂಡ್ ಎಂ, ಟುಲೇನ್, ಲೂಸಿಯಾನಾ ಸ್ಟೇಟ್, ಮಿಸಿಸಿಪಿ. ಐದನ್ನೂ ಗೆದ್ದಿತು, ಒಬ್ಬರಿಗೂ ಒಂದು ಪಾಯಿಂಟ್ ಕೂಡ ಬಿಟ್ಟುಕೊಡಲಿಲ್ಲ. ಆ ವರ್ಷದ 12 ಪಂದ್ಯಗಳಲ್ಲಿ ಹನ್ನೆರಡೂ ಗೆಲುವು. ಕೆಂಟಕಿಯ ಡ್ಯಾನ್‌ವಿಲ್ ಊರಿನ ಸೆಂಟರ್ ಕಾಲೇಜಿನದೂ ಇಂಥದೇ ಕಥೆ. ಮುನ್ನೂರರ ಆಸುಪಾಸು ವಿದ್ಯಾರ್ಥಿಗಳಿದ್ದ ಆ ಕಾಲೇಜು 1921ರಲ್ಲಿ ಹಾರ್ವರ್ಡ್ ಅಂಗಳಕ್ಕೇ ಹೋಗಿ 6-0ರಿಂದ ಗೆದ್ದು ಬಂತು.

ಸುವಾನಿ ಆಗ ಎಷ್ಟು ದೊಡ್ಡ ಹೆಸರು ಅಂದರೆ, 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಹುಟ್ಟಿದಾಗ ಅದರ 13 ಸ್ಥಾಪಕರಲ್ಲಿ ಅದೂ ಒಂದು. ಇವತ್ತು ಆ ಕಾನ್ಫರೆನ್ಸ್ ಅಮೆರಿಕದ ಅತಿ ಶ್ರೀಮಂತ ಕೂಟಗಳಲ್ಲಿ ಒಂದು. ಅಲಬಾಮಾ, ಜಾರ್ಜಿಯಾ, ಟೆನೆಸೀ ಎಲ್ಲ ಅಲ್ಲೇ ಇವೆ. ಆದರೆ 1930ರ ಹೊತ್ತಿಗೇ ಕಾಲ ಬದಲಾಗಿತ್ತು. ದೊಡ್ಡ ವಿಶ್ವವಿದ್ಯಾಲಯಗಳು ದುಡ್ಡು ಕೊಟ್ಟು ಆಟಗಾರರನ್ನು ಕರೆತರುತ್ತಿದ್ದವು. ಸುವಾನಿ ಎಂಟು ಸೀಸನ್‌ಗಳಲ್ಲಿ ಆ ಕೂಟದ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಗೆಲ್ಲಲಿಲ್ಲ. ಕಾಲೇಜಿನ ಮುಖ್ಯಸ್ಥರಾಗಿದ್ದ ಅಲೆಕ್ಸಾಂಡರ್ ಗೆರಿ 1940ರಲ್ಲಿ ಕೂಟದಿಂದ ಹೊರಬರುವ ನಿರ್ಧಾರ ಮಾಡಿದರು. ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದೂ ನಿಂತಿತು. ಓದಲು ಬಂದ ಮಕ್ಕಳೇ ಆಡಲಿ ಅನ್ನುವುದು ಅವರ ನಿಲುವು.

ಈ ನಿರ್ಧಾರವನ್ನು ಸೋಲು ಅಂತ ಕರೆದವರು ಬಹಳ ಜನ. ನನಗೆ ಹಾಗೆ ಅನ್ನಿಸುವುದಿಲ್ಲ. ತನ್ನ ಅಳತೆ ಏನು ಅನ್ನುವುದನ್ನು ಸುವಾನಿ ಬೇರೆಯವರಿಗಿಂತ ಮೊದಲೇ ತಿಳಿದುಕೊಂಡಿತು. ಅದಕ್ಕೇ ಇರಬೇಕು, ಅಲ್ಲಿ ಇವತ್ತಿಗೂ ಫುಟ್‌ಬಾಲ್ ಇದೆ.

1962ರಲ್ಲಿ ಸುವಾನಿ, ಸೆಂಟರ್, ವಾಷಿಂಗ್ಟನ್ ಆ್ಯಂಡ್ ಲೀ, ಮೆಂಫಿಸ್‌ನ ಈಗಿನ ರೋಡ್ಸ್ ಕಾಲೇಜು ಮೊದಲಾದವು ಸೇರಿ ಒಂದು ಕೂಟ ಮಾಡಿಕೊಂಡವು. ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದು ಮೊದಲು ಅನ್ನುವುದು ಅವರನ್ನು ಜೊತೆಗೂಡಿಸಿದ ಮಾತು. 1990ರ ದಶಕದಲ್ಲಿ ಇದಕ್ಕೆ ಸದರ್ನ್ ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸ್ ಅನ್ನುವ ಹೆಸರು ಬಂತು. 2011ರಲ್ಲಿ ಒಡೆದದ್ದು ಈ ಕೂಟವೇ.

ಇತ್ತ ರಾಷ್ಟ್ರ ಮಟ್ಟದಲ್ಲೂ ಇದೇ ಚಿಂತನೆ ನಡೆಯುತ್ತಿತ್ತು. ಕಾಲೇಜು ಕ್ರೀಡೆಯ ಮುಖ್ಯ ಸಂಸ್ಥೆ ಎನ್‌ಸಿಎಎ ಹುಟ್ಟಿದ್ದು 1906ರಲ್ಲಿ. ಸಣ್ಣ ಕಾಲೇಜುಗಳಿಗೆ ಅಲ್ಲಿ ಬಹಳ ಕಾಲ ಸರಿಯಾದ ಜಾಗ ಇರಲಿಲ್ಲ. ಹಾಗಾಗಿ 1937ರಲ್ಲಿ ಕಾನ್ಸಸ್ ಸಿಟಿಯಲ್ಲಿ ಅವರಿಗೆಂದೇ ಒಂದು ಬ್ಯಾಸ್ಕೆಟ್‌ಬಾಲ್ ಟೂರ್ನಿ ಶುರುವಾಯಿತು. ಬ್ಯಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅದನ್ನು ಶುರುಮಾಡಿದವರಲ್ಲಿ ಒಬ್ಬರು. ಅದೇ ಬೆಳೆದು ಎನ್‌ಎಐಎ ಅನ್ನುವ ಪ್ರತ್ಯೇಕ ಸಂಸ್ಥೆಯಾಯಿತು. 1973ರಲ್ಲಿ ಎನ್‌ಸಿಎಎ ತನ್ನ ಸದಸ್ಯರನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಮೊದಲ ಎರಡರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡಬಹುದು. ಮೂರನೆಯದರಲ್ಲಿ ಇಲ್ಲವೇ ಇಲ್ಲ. ಹಾಗಿದ್ದೂ ಸದಸ್ಯರ ಲೆಕ್ಕದಲ್ಲಿ ಅತಿ ದೊಡ್ಡದು ಮೂರನೇ ಡಿವಿಷನ್ನೇ. ನಾನೂರಕ್ಕೂ ಜಾಸ್ತಿ ಕಾಲೇಜುಗಳು ಅದರಲ್ಲಿವೆ.

ಇಲ್ಲಿ ದುಡ್ಡಿನ ಲೆಕ್ಕವೇ ಬೇರೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಟಿವಿ ಮತ್ತು ಟಿಕೆಟ್‌ನಿಂದ ಹಣ ಬರುತ್ತದೆ. ಮೂರನೇ ಡಿವಿಷನ್‌ನಲ್ಲಿ ಟಿವಿ ಹಣ ಇಲ್ಲ, ಟಿಕೆಟ್ ಹಣವೂ ಅಷ್ಟಕ್ಕಷ್ಟೇ. ಅಲ್ಲಿ ಆದಾಯ ಅಂದರೆ ಆಟಗಾರರು ಕಟ್ಟುವ ಫೀಸು. ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದ ಕಾರಣ ನೂರು ಜನರ ಫುಟ್‌ಬಾಲ್ ತಂಡ ಅಂದರೆ ಫೀಸು ಕಟ್ಟುವ ನೂರು ವಿದ್ಯಾರ್ಥಿಗಳು. ರಿಯಾಯಿತಿ ಕೊಟ್ಟ ಮೇಲೂ ಕಾಲೇಜಿಗೆ ಏನೋ ಉಳಿಯುತ್ತದೆ. ಕೆಲವು ಸಣ್ಣ ಕಾಲೇಜುಗಳಲ್ಲಿ ಮೂವರಲ್ಲಿ ಒಬ್ಬರು ಯಾವುದಾದರೂ ತಂಡದಲ್ಲಿ ಆಡುವವರೇ.

ಮಿಷಿಗನ್‌ನ ಏಡ್ರಿಯನ್ ಕಾಲೇಜು ಈ ದಾರಿಯನ್ನು ಎಲ್ಲರಿಗೂ ತೋರಿಸಿತು. 2005ರಲ್ಲಿ ಜೆಫ್ರಿ ಡಾಕಿಂಗ್ ಅಧ್ಯಕ್ಷರಾದಾಗ ಅಲ್ಲಿ ಸಾವಿರ ವಿದ್ಯಾರ್ಥಿಗಳೂ ಇರಲಿಲ್ಲ. ಅವರು ಐಸ್ ಹಾಕಿ, ಲಾಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಹಿಡಿಯುವ ಆಟ) ಅಂತ ಹೊಸ ಹೊಸ ತಂಡಗಳನ್ನು ಶುರುಮಾಡಿದರು. ಪ್ರತಿ ಕೋಚ್‌ಗೂ ಇಷ್ಟು ಜನರನ್ನು ಕರೆತರಬೇಕು ಅಂತ ಗುರಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ 1,600 ದಾಟಿತು. ಇದನ್ನು ನೋಡಿ ಎಷ್ಟೋ ಕಾಲೇಜುಗಳು ಫುಟ್‌ಬಾಲ್ ಶುರುಮಾಡಿದವು. ಆದರೆ ಎಲ್ಲರೂ ಅದೇ ದಾರಿ ಹಿಡಿದ ಮೇಲೆ, ಅದೇ ಮಕ್ಕಳಿಗಾಗಿ ಪಕ್ಕದೂರಿನ ಕಾಲೇಜೂ ಪೈಪೋಟಿಗೆ ನಿಲ್ಲುತ್ತದೆ ಅಲ್ವಾ?

ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಈ ವಿಷಯದ ಎಲ್ಲ ತಿರುವುಗಳೂ ಆ ಒಂದೇ ಕಾಲೇಜಿನಲ್ಲಿ ಸಿಗುತ್ತವೆ. ಅದರ ಬೇರು 1856ರದು. ಮೆಥಡಿಸ್ಟ್ ಚರ್ಚ್‌ಗೆ ಸೇರಿದ, ಓದಿಗೆ ಒಳ್ಳೆಯ ಹೆಸರಿದ್ದ ಕಾಲೇಜು. ಎನ್‌ಎಐಎಯಲ್ಲಿದ್ದಾಗ 1990 ಮತ್ತು 1995ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ, 2001ರಲ್ಲಿ ಬೇಸ್‌ಬಾಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಲ್ಲೇ ಇದ್ದರೆ ಚೆನ್ನಾಗಿತ್ತು. ಆದರೆ ಹೆಸರು ದೊಡ್ಡದಾಗಲಿ ಅಂತ ಮೊದಲ ಡಿವಿಷನ್‌ಗೆ ಹಾರಿ, ಬಿಗ್ ಸೌತ್ ಕಾನ್ಫರೆನ್ಸ್ ಸೇರಿತು. ಸ್ಕಾಲರ್‌ಶಿಪ್, ಪ್ರಯಾಣ, ಕೋಚ್‌ಗಳ ಸಂಬಳ ಎಲ್ಲವೂ ಏರಿದವು. ಅಷ್ಟು ಸಣ್ಣ ಕಾಲೇಜಿಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. 2006ರಲ್ಲಿ ಆಡಳಿತ ಮಂಡಳಿ ಒಂದೇ ಸಲಕ್ಕೆ ಮೂರನೇ ಡಿವಿಷನ್‌ಗೆ ಇಳಿಯಲು ತೀರ್ಮಾನಿಸಿತು. ಸ್ಕಾಲರ್‌ಶಿಪ್ ನಂಬಿ ಬಂದಿದ್ದ ಎಷ್ಟೋ ಆಟಗಾರರು ಬೇರೆ ಕಾಲೇಜು ಹುಡುಕಿಕೊಳ್ಳಬೇಕಾಯಿತು.

2007ರಲ್ಲಿ ಅದು ಸುವಾನಿ ಇದ್ದ ಕೂಟ ಸೇರಿತು. ಅದೇ ವರ್ಷ, 1939ರಲ್ಲಿ ನಿಂತಿದ್ದ ಫುಟ್‌ಬಾಲ್ ಮತ್ತೆ ಶುರುವಾಯಿತು. ಹೊಸ ವಿದ್ಯಾರ್ಥಿಗಳು ಬರಲಿ ಅನ್ನುವುದೇ ಉದ್ದೇಶ. ಆದರೆ ಕ್ಯಾಂಪಸ್ ಕಟ್ಟಲು ಮಾಡಿದ ಸಾಲ ಬೆಳೆದಿತ್ತು. 2008ರ ಆರ್ಥಿಕ ಕುಸಿತದಲ್ಲಿ ದತ್ತಿನಿಧಿ ಕರಗಿತು. 2010ರಲ್ಲಿ ವಿದ್ಯಾರ್ಥಿಗಳ ನೆರವಿನ ಲೆಕ್ಕದಲ್ಲಿ ವರ್ಷಗಟ್ಟಲೆ ತಪ್ಪು ನಡೆದಿದ್ದು ಹೊರಬಂತು. ಅಲ್ಲಿಂದ ಕಾಲೇಜು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 2012ರಲ್ಲಿ ಆಟ ಶುರುಮಾಡಿದ ಸದರ್ನ್ ಅಥ್ಲೆಟಿಕ್ ಅಸೋಸಿಯೇಷನ್‌ನ ಸ್ಥಾಪಕರಲ್ಲಿ ಅದೂ ಇತ್ತು. ಎಲ್ಲ ಎದುರಾಳಿಗಳೂ ತನ್ನಂಥವರೇ ಆದರು, ಪ್ರಯಾಣವೂ ಕಡಿಮೆಯಾಯಿತು. ಕ್ರೀಡೆಯ ಮಟ್ಟಿಗೆ ಅದು ಕೊನೆಗೂ ಸರಿಯಾದ ಜಾಗಕ್ಕೆ ಬಂದಿತ್ತು. ಉಳಿದದ್ದೇ ಕೈಮೀರಿತ್ತು.

ರಾಜ್ಯ ಸರ್ಕಾರದಿಂದ 3 ಕೋಟಿ ಡಾಲರ್ ಸಾಲ ಕೇಳಿತು. ಅದಕ್ಕೆಂದೇ 2023ರಲ್ಲಿ ಕಾನೂನೂ ಆಯಿತು. ಆದರೆ ರಾಜ್ಯದ ಖಜಾಂಚಿ ಅದೇ ಅಕ್ಟೋಬರ್‌ನಲ್ಲಿ ಅರ್ಜಿ ತಿರಸ್ಕರಿಸಿದರು. 2024ರ ಮಾರ್ಚ್ 26ರಂದು ಕಾಲೇಜು ಮುಚ್ಚುವ ತೀರ್ಮಾನ ಹೊರಬಿತ್ತು. ಆಗ ಅಲ್ಲಿದ್ದವರು ಸುಮಾರು 700 ವಿದ್ಯಾರ್ಥಿಗಳು.

ಬೇಸ್‌ಬಾಲ್ ತಂಡ ಮಾತ್ರ ಗೆಲ್ಲುತ್ತಲೇ ಹೋಯಿತು. ಕೋಚ್ ಜಾನ್ ವೈಸ್‌ಬರ್ಗ್ ಅವರ ಹುಡುಗರು ಓಹಾಯೋದ ಈಸ್ಟ್‌ಲೇಕ್‌ನಲ್ಲಿ ನಡೆಯುವ ಮೂರನೇ ಡಿವಿಷನ್ ವರ್ಲ್ಡ್ ಸೀರೀಸ್‌ವರೆಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತದವರೆಗೆ, ತಲುಪಿದರು. ಅವರ ಮೊದಲ ಪಂದ್ಯ ಮೇ 31ಕ್ಕಿತ್ತು. ಕಾಲೇಜು ಅಧಿಕೃತವಾಗಿ ಮುಚ್ಚಿದ್ದೂ ಅದೇ ದಿನ. ಆ ಪಂದ್ಯ ಸೋತರು, ಮರುದಿನ ಕೊನೆಯ ಹೊಡೆತದ ಹೋಮ್ ರನ್‌ನಿಂದ ಗೆದ್ದರು. ಜೂನ್ 2ರಂದು ವಿಸ್ಕಾನ್ಸಿನ್-ವೈಟ್‌ವಾಟರ್ ವಿರುದ್ಧ 11-10ರಿಂದ ಎರಡನೇ ಸಲ ಸೋತು ಹೊರಬಿದ್ದರು. ಎರಡು ದಿನ ಅವರು ಇಲ್ಲದ ಕಾಲೇಜಿನ ಪರವಾಗಿ ಆಡಿದ್ದರು. ದೇಶದ ಪತ್ರಿಕೆಗಳೆಲ್ಲ ಆ ತಂಡದ ಬಗ್ಗೆ ಬರೆದವು. ನಾನು ಓದಿದ ಕ್ರೀಡಾ ಸುದ್ದಿಗಳಲ್ಲಿ ಇಷ್ಟು ಮನಸ್ಸು ಕಲಕಿದ್ದು ಕಡಿಮೆ. ಆದರೆ ಆ ಸುದ್ದಿಗಳಲ್ಲಿ ಹೆಚ್ಚಿನವು ಮೊದಲ ಡಿವಿಷನ್‌ಗೆ ಹಾರಿದ ಹಳೇ ನಿರ್ಧಾರವನ್ನು ನೆನೆಯಲೇ ಇಲ್ಲ. ಮುಚ್ಚಲು ಅದೊಂದೇ ಕಾರಣ ಅಲ್ಲ, ನಿಜ. ಆದರೂ ಆ ವರ್ಷಗಳಲ್ಲಿ ಖರ್ಚಾದ ಹಣ ಮುಂದೆ ಬಹಳ ಬೇಕಾಗಿತ್ತು.

ಮುಚ್ಚಿದ ಕಾಲೇಜುಗಳ ಸಾಲು ಉದ್ದವಾಗಿದೆ. ಇಲಿನಾಯ್‌ನ ಮ್ಯಾಕ್‌ಮರ್ರಿ 2020ರಲ್ಲಿ, ಮಿಷಿಗನ್‌ನ ಫಿನ್‌ಲ್ಯಾಂಡಿಯಾ ಮತ್ತು ನ್ಯೂಯಾರ್ಕ್ ರಾಜ್ಯದ ಕ್ಯಾಜನೋವಿಯಾ 2023ರಲ್ಲಿ, ವೆಲ್ಸ್ ಮತ್ತು ಕ್ಯಾಬ್ರಿನಿ 2024ರಲ್ಲಿ. ಎಲ್ಲವೂ ಮೂರನೇ ಡಿವಿಷನ್‌ನವೇ. ಒಂದೊಂದು ಮುಚ್ಚಿದಾಗಲೂ ಒಂದೊಂದು ಕೂಟಕ್ಕೆ ತೂತು ಬೀಳುತ್ತದೆ. ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು, ಅದೇ ಗರಿಷ್ಠ. ಆಮೇಲೆ ಸಂಖ್ಯೆ ಇಳಿಯಿತು. 2007ರ ಮಕ್ಕಳು 2025ರಲ್ಲಿ 18 ದಾಟಿದರು. ಇನ್ನು ಮುಂದೆ ಕಾಲೇಜಿಗೆ ಬರುವವರೇ ಕಡಿಮೆ. ಸದರ್ನ್ ಅಥ್ಲೆಟಿಕ್ ಅಸೋಸಿಯೇಷನ್‌ನವರು ದೂರದವರನ್ನು ಸೇರಿಸಿಕೊಂಡದ್ದು ಇದಕ್ಕೇ ಇರಬೇಕು: ಟ್ರಿನಿಟಿ, ಸೌತ್‌ವೆಸ್ಟರ್ನ್ ಅಂಥ ಗಟ್ಟಿ ಕಾಲೇಜುಗಳು ಕೂಟದಲ್ಲಿದ್ದರೆ ನಾಳೆ ಇನ್ನೊಬ್ಬರು ಹೋದರೂ ಕೂಟ ಉಳಿಯುತ್ತದೆ. ಫುಟ್‌ಬಾಲ್‌ಗೆ ಮಾತ್ರ ಅವು ಮೊದಲೇ ಇವರ ಜೊತೆ ಆಡುತ್ತಿದ್ದವು. ಸ್ಯಾನ್ ಆಂಟೋನಿಯೊದಿಂದ ಸುವಾನಿಗೆ 900 ಮೈಲಿಗೂ ಜಾಸ್ತಿ. ಆ ಖರ್ಚು ಗೊತ್ತಿದ್ದೂ ಒಪ್ಪಿಕೊಂಡರು ಅಂದರೆ, ಈಗ ದೂರಕ್ಕಿಂತ ಜೊತೆಗಾರರು ಮುಖ್ಯವಾಗಿದ್ದಾರೆ ಅಂತಲೇ ನನ್ನ ಓದು.

ಜೊತೆಗಾರರೇ ಬೇಡ ಅಂದಾಗ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಮಿನೆಸೋಟಾದ ಸೇಂಟ್ ಥಾಮಸ್ ವಿಶ್ವವಿದ್ಯಾಲಯ 1920ರಲ್ಲಿ ಅಲ್ಲಿನ ಕೂಟವನ್ನು ಕಟ್ಟಿದವರಲ್ಲಿ ಒಂದು. ಬರುಬರುತ್ತಾ ಅದು ಉಳಿದವರಿಗಿಂತ ಎಷ್ಟೋ ದೊಡ್ಡದಾಗಿ ಬೆಳೆಯಿತು. 2017ರಲ್ಲಿ ಸೇಂಟ್ ಓಲಾಫ್ ಕಾಲೇಜನ್ನು ಫುಟ್‌ಬಾಲ್‌ನಲ್ಲಿ 97-0ರಿಂದ ಸೋಲಿಸಿತು. 2019ರ ಮೇ ತಿಂಗಳಲ್ಲಿ ಕೂಟ ಅದನ್ನು ಹೊರಹಾಕಿತು. ಸೇಂಟ್ ಥಾಮಸ್ ಯಾವ ನಿಯಮವನ್ನೂ ಮುರಿದಿರಲಿಲ್ಲ, ಪೈಪೋಟಿ ಸಮಾನವಾಗಿಲ್ಲ ಅನ್ನುವುದಷ್ಟೇ ಕಾರಣ. ಅದು 2021ರಲ್ಲಿ ಮೂರನೇ ಡಿವಿಷನ್‌ನಿಂದ ನೇರವಾಗಿ ಮೊದಲನೆಯದಕ್ಕೆ ಹೋಯಿತು. ಸುಮಾರು ನೂರು ವರ್ಷ ಜೊತೆಗಿದ್ದವರನ್ನು ಹೀಗೆ ಕಳಿಸಿದ್ದು ನೋವಿನ ಸಂಗತಿ. ಆದರೂ ಸಣ್ಣ ಕಾಲೇಜುಗಳು ಹೇಳಿದ್ದು ಸುಳ್ಳಲ್ಲ. 97-0 ಪಂದ್ಯದಿಂದ ಎರಡು ಕಡೆಯ ಹುಡುಗರಿಗೂ ಏನೂ ಸಿಗುವುದಿಲ್ಲ.

ಈಗ ಮೊದಲ ಡಿವಿಷನ್‌ನಲ್ಲಿ ಆಟಗಾರರಿಗೆ ನೇರವಾಗಿ ಹಣ ಕೊಡುವ ಕಾಲ ಬಂದಿದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಪ್ರಕಾರ ಒಂದು ವಿಶ್ವವಿದ್ಯಾಲಯ ಮೊದಲ ವರ್ಷ ಸುಮಾರು 2 ಕೋಟಿ ಡಾಲರ್‌ವರೆಗೆ ಹಂಚಬಹುದು. ಅಲ್ಲಿರುವ ಸಣ್ಣವರಿಗೆ ಇದು ಸಾಧ್ಯವಿಲ್ಲದ ಮಾತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಈ ಒಪ್ಪಂದಕ್ಕೂ ಮೊದಲೇ ಹೊರಟಿತ್ತು. 2021ರ ಮಾರ್ಚ್‌ನಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಸಲ ರಾಷ್ಟ್ರೀಯ ಟೂರ್ನಿಗೆ ಹೋಯಿತು. ಎರಡೇ ತಿಂಗಳಲ್ಲಿ ಮೂರನೇ ಡಿವಿಷನ್‌ಗೆ ಇಳಿಯುವ ತೀರ್ಮಾನ ಬಂತು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ 2025ರ ಮಾರ್ಚ್‌ನಲ್ಲಿ ಅದೇ ಟೂರ್ನಿಯಲ್ಲಿ ಅಲಬಾಮಾ ಸ್ಟೇಟ್ ಎದುರು 70-68ರಿಂದ ಸೋತಿತು. ಒಂದು ವಾರದ ನಂತರ ತಾನೂ ಮೂರನೇ ಡಿವಿಷನ್‌ಗೆ ಹೋಗುವುದಾಗಿ ಪ್ರಕಟಿಸಿತು. ಅದು ಆರಿಸಿಕೊಂಡದ್ದು 2026ರಿಂದ ಪ್ರೆಸಿಡೆಂಟ್ಸ್ ಅಥ್ಲೆಟಿಕ್ ಕಾನ್ಫರೆನ್ಸ್. ಅದರ ಹೆಚ್ಚಿನ ಸದಸ್ಯರು ಪಶ್ಚಿಮ ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜುಗಳೇ. ಆ ಪಂದ್ಯಗಳಿಗೆ ವಿಮಾನ ಬೇಕಿಲ್ಲ, ಬಸ್ಸು ಸಾಕು.