ವೈಫೈ ಫುಲ್ ಇದೆ, ನೆಟ್ ಮಾತ್ರ ಇಲ್ಲ

ಪ್ರಶ್ನೆ: ಮೊಬೈಲಲ್ಲಿ ವೈಫೈ ಫುಲ್ ತೋರಿಸುತ್ತೆ, ಆದ್ರೆ ಏನೂ ಓಪನ್ ಆಗಲ್ಲ. ಎಸ್.ಪಿ. ರೋಡಿಂದ ನಾಲ್ಕು ಆಂಟೆನಾ ಇರೋ ರೌಟರ್ ತಂದು ಹಾಕಿದ್ರೆ ಸರಿಹೋಗುತ್ತಾ ಸರ್?

ಹೋಗಲ್ಲ. ದುಡ್ಡು ಜೇಬಲ್ಲೇ ಇರಲಿ. ಕೇಳುವವರ ಬಡಾವಣೆ ಬದಲಾಗುತ್ತೆ, ಪ್ರಶ್ನೆ ಮಾತ್ರ ಇದೇ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ವೈಫೈ ಬೇರೆ, ಇಂಟರ್ನೆಟ್ ಬೇರೆ. ಮೊಬೈಲಿನ ಮೂಲೆಯಲ್ಲಿ ಕಾಣುವ ಆ ಬೀಸಣಿಗೆ ಗುರುತು ಹೇಳುವುದು ಇಷ್ಟೇ: ನಿಮ್ಮ ಮೊಬೈಲಿಗೂ ಹಾಲ್ ಗೋಡೆಯ ಮೇಲಿನ ಪೆಟ್ಟಿಗೆಗೂ ನಡುವೆ ರೇಡಿಯೊ ಚೆನ್ನಾಗಿ ಹಿಡಿಯುತ್ತಿದೆ. ಪೆಟ್ಟಿಗೆಯಿಂದ ಆಚೆ ಲೈನ್ ಇದೆಯೋ ಸತ್ತಿದೆಯೋ, ಆ ಗೆರೆಗಳಿಗೆ ಗೊತ್ತೇ ಇಲ್ಲ. ಕಾವೇರಿ ನೀರು ಬಿಟ್ಟಿಲ್ಲ, ಸಂಪು ಖಾಲಿ. ಅದಕ್ಕೆ ಬಚ್ಚಲುಮನೆ ನಲ್ಲಿ ಬದಲಾಯಿಸುತ್ತೀರಾ? ನಾಲ್ಕು ಆಂಟೆನಾ ರೌಟರ್ ಅಂದರೆ ಅದೇ, ಹೊಳೆಯುವ ಹೊಸ ನಲ್ಲಿ.

ನಂಬಿಕೆ ಬರದಿದ್ದರೆ ಮುಂದಿನ ಸಲ ನೆಟ್ ಹೋದಾಗ ಮನೆಯ ವೈಫೈ ಪ್ರಿಂಟರಿಗೆ ಲ್ಯಾಪ್‌ಟಾಪಿಂದ ಒಂದು ಪುಟ ಕಳಿಸಿ. ಆರಾಮಾಗಿ ಅಚ್ಚಾಗಿ ಬರುತ್ತೆ. ತಿರುಗಾಮುರುಗಾ ನೋಡಿದರೂ ಅಷ್ಟೇ: ವೈಫೈ ಆಫ್ ಮಾಡಿ ವೈರ್ ಚುಚ್ಚಿದ ಕಂಪ್ಯೂಟರಿಗೆ ನೆಟ್ ಬರುತ್ತೆ. ಎರಡೂ ಒಂದೇ ಆಗಿದ್ದರೆ ಇದು ಹೇಗೆ ಸಾಧ್ಯ?

ಮನೆಯೊಳಗಿನ ಪೈಪ್ ಜಾಲಕ್ಕೆ ಲ್ಯಾನ್ ಎನ್ನುತ್ತಾರೆ. ಮೊಬೈಲ್, ಟಿವಿ, ಪ್ರಿಂಟರ್, ಸಿಸಿಟಿವಿಯ ಡಿವಿಆರ್ ಎಲ್ಲ ಅದರೊಳಗೇ. ವೈರಲ್ಲಿ ಸೇರಿದರೂ ಲ್ಯಾನ್, ವೈಫೈಯಲ್ಲಿ ಸೇರಿದರೂ ಲ್ಯಾನ್. ರಸ್ತೆಯಿಂದ ಬರುವ ಲೈನಿನ ಆಚೆಗಿನದು ವ್ಯಾನ್. ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹಬ್ಬಿದ್ದು. ಜಿಲ್ಲಾ, ತಾಲ್ಲೂಕು ಕಚೇರಿಗಳನ್ನು ಬೆಂಗಳೂರಿಗೆ ಬೆಸೆಯುವ ಸರ್ಕಾರದ ಕೆಸ್ವಾನ್ ಹೆಸರಿನ ಬಾಲದಲ್ಲೂ ಇದೇ ವ್ಯಾನ್ ಇದೆ. ನಡುವೆ ಊರಿನಷ್ಟಗಲದ ಮ್ಯಾನ್, ಇಯರ್‌ಫೋನಿನಷ್ಟು ಹತ್ತಿರದ ಪ್ಯಾನ್ ಅಂತಲೂ ಇವೆ. ಪರೀಕ್ಷೆ ಬರೆಯುವವರು ಉರು ಹೊಡೆಯಲಿ, ಉಳಿದವರಿಗೆ ಬೇಡ.

ರೌಟರ್ ಈ ಎರಡರ ಹೊಸ್ತಿಲು. ಒಳಮುಖಕ್ಕೆ ಸಾಮಾನ್ಯವಾಗಿ 192.168.1.1 ಎಂಬ ವಿಳಾಸ, ಹೊರಮುಖಕ್ಕೆ ಕಂಪನಿಯವರು ಕೊಟ್ಟ ಬೇರೆ ವಿಳಾಸ. ತೊಂದರೆ ಹೊಸ್ತಿಲಿನ ಯಾವ ಕಡೆ ಅಂತ ಮೊದಲು ಪತ್ತೆ ಮಾಡಿ, ಆಮೇಲೆ ಬಯ್ಯುವುದು ಯಾರನ್ನು ಅಂತ ಯೋಚಿಸಿ.

ಫೈಬರ್ ಪೆಟ್ಟಿಗೆಯಲ್ಲಿ ಲಾಸ್ (LOS) ಎಂಬ ದೀಪ ಕೆಂಪಗಿದ್ದರೆ ಬೆಳಕು ನಿಮ್ಮ ಮನೆಯವರೆಗೂ ಬರುತ್ತಿಲ್ಲ. ನಮ್ಮ ಊರಲ್ಲಿ ಫೈಬರ್ ಓಡುವುದು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ. ಒಂದು ಮಳೆಗೆ ಕೊಂಬೆ ಮುರಿದರೆ ಮುಗಿಯಿತು. ದೂರು ಕೊಡುವ ಮುಂಚೆ ಬೀರುವಿನ ಹಿಂದೆ ಆ ಹಳದಿ ಅಥವಾ ಬಿಳಿ ವೈರ್ ಚೂಪಾಗಿ ಮಡಚಿಕೊಂಡಿದೆಯಾ ನೋಡಿ. ಒಳಗಿರುವುದು ಗಾಜಿನ ಎಳೆ, ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತೆ. ತುದಿಯನ್ನು ಕಿತ್ತು ಬೆರಳಲ್ಲಿ ಒರೆಸಬೇಡಿ, ಕಣ್ಣಿಟ್ಟು ನೋಡಲೂಬೇಡಿ.

ಕೆಂಪು ದೀಪ ಇಲ್ಲ ಅಂದರೆ ಲ್ಯಾಪ್‌ಟಾಪಿನ ಕಮಾಂಡ್ ಕಿಟಕಿ ತೆರೆದು 192.168.1.1ಕ್ಕೆ ಪಿಂಗ್ ಹೊಡೆಯಿರಿ, ಅಂದರೆ ping 192.168.1.1 ಅಂತ ಬರೆದು ಎಂಟರ್ ಒತ್ತಿ. ಉತ್ತರ ಬಂದರೆ ಮನೆಯೊಳಗೆ ಸರಿಯಿದೆ. ನಂತರ ಹೊಸ್ತಿಲಾಚೆ ಇರುವ ಗೂಗಲ್‌ನ ವಿಳಾಸ 8.8.8.8ಕ್ಕೆ. ಅಲ್ಲಿಂದಲೂ ಬಂದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸ ಮಾಡುವ ಡಿಎನ್‌ಎಸ್ ಕೆಟ್ಟಿದೆ. ರೌಟರಿನ ಸೆಟ್ಟಿಂಗಲ್ಲಿ ಬೇರೆ ಡಿಎನ್‌ಎಸ್ ಹಾಕಿದರೆ ಸಾಕು. ಲ್ಯಾಪ್‌ಟಾಪಿನ ವಿಳಾಸವೇ 169.254 ಅಂತ ಶುರುವಾಗಿದ್ದರೆ ರೌಟರ್ ವಿಳಾಸ ಹಂಚುತ್ತಿಲ್ಲ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಫ್ ಮಾಡಿ ಅಂದೆ. ಪಿನ್ ಚುಚ್ಚಿ ರೀಸೆಟ್ ಮಾಡಿ ಅನ್ನಲಿಲ್ಲ! ರೀಸೆಟ್ ಆದರೆ ಕಂಪನಿಯ ಲಾಗಿನ್ ಹೆಸರು, ಪಾಸ್‌ವರ್ಡ್ ಅಳಿಸಿಹೋಗಿ, ಇದ್ದ ಒಂದು ತೊಂದರೆ ಎರಡಾಗುತ್ತೆ.

ಇನ್ನು, ಯಾರೂ ಕೇಳದಿದ್ದರೂ ಒಂದು ವಿಷಯ. ಮೇಲಿನ ಮಹಡಿಯಲ್ಲಿ ಸಿಗ್ನಲ್ಲೇ ಹಿಡಿಯಲ್ಲ ಅನ್ನುವವರಿಗೆ ಎರಡನೇ ರೌಟರ್ ನಿಜಕ್ಕೂ ಬೇಕು, ಏಕೆಂದರೆ ಅದು ಲ್ಯಾನಿನ ತೊಂದರೆ. ಆದರೆ ಕೆಳಗಿನಿಂದ ತಂದ ವೈರನ್ನು ಎಲ್ಲರೂ ಹೊಸ ರೌಟರಿನ ವ್ಯಾನ್ ತೂತಿಗೆ ಚುಚ್ಚುತ್ತಾರೆ. ಆಗ ಒಂದೇ ಮನೆಯಲ್ಲಿ ಎರಡು ಲ್ಯಾನ್ ಆಗಿ, ಕೆಳಗಿನವರಿಗೆ ಮೇಲಿನ ಪ್ರಿಂಟರ್ ಕಾಣಲ್ಲ. ಮೊದಲು ಹೊಸ ರೌಟರಿನ ವಿಳಾಸ 192.168.1.2 ಮಾಡಿ, ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ವೈರನ್ನು ಲ್ಯಾನ್ ತೂತಿಗೇ ಹಾಕಿ. ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಇಷ್ಟು ಕೆಲಸವೂ ಇಲ್ಲ.

ಆ ವೈರ್ ಕ್ಯಾಟ್ 5ಇ ದರ್ಜೆಯದಾದರೆ ಸಾಕು, 100 ಮೀಟರ್ ತನಕ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಎಳೆಯುತ್ತೆ. ಆದರೆ ಒಳಗಿನ 8 ಎಳೆಗಳೂ ಕೂತಿರಬೇಕು. ಅವಸರದವರು 4 ಎಳೆ ಮಾತ್ರ ಕ್ರಿಂಪ್ ಮಾಡಿ, ಅಂದರೆ ತುದಿಯ ಪ್ಲಗ್ಗಿಗೆ ಒತ್ತಿ ಕೂರಿಸಿ, ಹೋಗಿರುತ್ತಾರೆ; ನೆಟ್ ಓಡುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ, ಆದರೆ 4 ಎಳೆಯಲ್ಲಿ ವೇಗ 100 ಎಂಬಿಪಿಎಸ್ ದಾಟಲ್ಲ. 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ, ಸ್ಪೀಡ್ ಟೆಸ್ಟಲ್ಲಿ ದಿನವೂ 94ರ ಆಸುಪಾಸೇ ಬರುತ್ತಿದ್ದರೆ ಕಂಪನಿಗೆ ಫೋನ್ ಮಾಡುವ ಮುಂಚೆ ಆ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ.