ಡೈನಾಮಿಕ್ ರೇಂಜ್, ಟೋನಲ್ ಗ್ರೇಡೇಶನ್: ಬೆಳಕಿನ ಹರವು ಮತ್ತು ಛಾಯೆಯ ನಯ

ಕಿಟಕಿ ಪಕ್ಕ ಕೂತವರ ಫೋಟೊ ತೆಗೆಯುವಾಗ ನಮಗೆ ಎರಡು ಆಸೆ. ಕಿಟಕಿಯಾಚೆಯ ಮೋಡ ಬೆಳ್ಳಗೆ ಸುಟ್ಟುಹೋಗಬಾರದು, ಈಚೆ ನೆರಳಲ್ಲಿರುವ ಕೂದಲಿನ ಎಳೆಗಳೂ ಕಾಣಬೇಕು. ಇದು ಒಂದು. ಇನ್ನೊಂದು, ಬೆಳಕು ಬಿದ್ದ ಕೆನ್ನೆಯಿಂದ ನೆರಳಿನ ಕೆನ್ನೆಯವರೆಗೆ ಛಾಯೆ ಎಲ್ಲೂ ತುಂಡಾಗದೆ ನಯವಾಗಿ ಇಳಿಯಬೇಕು. ಮೊದಲನೆಯದು ಡೈನಾಮಿಕ್ ರೇಂಜ್‌ನ ಕೆಲಸ, ಎರಡನೆಯದು ಟೋನಲ್ ಗ್ರೇಡೇಶನ್. ಕ್ಯಾಮೆರಾ ಕೊಳ್ಳುವವರು ಹೆಚ್ಚಾಗಿ ಮೊದಲನೆಯದರ ಅಂಕಿ ಕೇಳಿ, ಎರಡನೆಯದೂ ಅದರಲ್ಲೇ ಬಂತು ಎಂದುಕೊಳ್ಳುತ್ತಾರೆ. ಬಂದಿರುವುದಿಲ್ಲ.

ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಫಲಕವೇ ಸೆನ್ಸರ್. ಅದರ ಪ್ರತಿ ಪಿಕ್ಸೆಲ್, ಅಂದರೆ ಪ್ರತಿ ಚುಕ್ಕೆ, ಬೆಳಕು ಬಿದ್ದಂತೆ ಎಲೆಕ್ಟ್ರಾನುಗಳನ್ನು ಕೂಡಿಸಿಕೊಳ್ಳುತ್ತದೆ. ಅದು ತುಂಬಿದ ಮೇಲೆ ಬಿದ್ದ ಬೆಳಕು ಲೆಕ್ಕಕ್ಕಿಲ್ಲ, ಅಲ್ಲಿ ಚಿತ್ರ ಬರೀ ಬಿಳಿ. ಕೆಳತುದಿಯಲ್ಲಿ, ಪಿಕ್ಸೆಲ್ಲನ್ನು ಓದುವ ಸರ್ಕ್ಯೂಟಿನ ನಾಯ್ಸ್‌ಗಿಂತ (ತಾನಾಗಿ ಸೇರುವ ಅಡ್ಡಾದಿಡ್ಡಿ ಏರುಪೇರಿಗಿಂತ) ಕಡಿಮೆ ಇದ್ದದ್ದು ಆ ನಾಯ್ಸ್‌ನಲ್ಲೇ ಮುಳುಗಿಹೋಗುತ್ತದೆ. ಈ ಎರಡು ತುದಿಗಳ ಅನುಪಾತವೇ ಡೈನಾಮಿಕ್ ರೇಂಜ್. ಅಳೆಯುವುದು ಸ್ಟಾಪ್‌ಗಳಲ್ಲಿ. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಸಂಗೀತದಲ್ಲಿ ಒಂದು ಸ್ಥಾಯಿ ಏರಿದರೆ ಕಂಪನಾಂಕ ಇಮ್ಮಡಿಯಾಗುವ ಹಾಗೆ.

ಈಗ ಎರಡು ಪಿಕ್ಸೆಲ್ ಊಹಿಸಿಕೊಳ್ಳಿ. ದೊಡ್ಡದರಲ್ಲಿ 50,000 ಎಲೆಕ್ಟ್ರಾನ್ ಹಿಡಿಯುತ್ತವೆ, ಓದುವ ನಾಯ್ಸ್ 10 ಎಲೆಕ್ಟ್ರಾನ್. ಚಿಕ್ಕದರಲ್ಲಿ 5,000, ನಾಯ್ಸ್ 1. ಎರಡರ ಅನುಪಾತವೂ 5,000ಕ್ಕೆ 1, ಅಂದರೆ 12 ಸ್ಟಾಪ್‌ಗಿಂತ ತುಸು ಹೆಚ್ಚು. ಕಾಗದದ ಮೇಲೆ ಎರಡೂ ಸಮ. ಆದರೆ ಬೆಳಕು ಸುರಿಯುವುದು ಮಳೆಯಂತೆ, ಹನಿಹನಿಯಾಗಿ. ಎಣಿಕೆಯಲ್ಲಿ ಏರುಪೇರು ತಪ್ಪಿದ್ದಲ್ಲ, ಅದು ಎಣಿಕೆಯ ವರ್ಗಮೂಲದಷ್ಟಿರುತ್ತದೆ. 50,000ಕ್ಕೆ ಏರುಪೇರು ಸುಮಾರು 224, ಶೇಕಡಾ ಅರ್ಧಕ್ಕಿಂತ ಕಡಿಮೆ. 5,000ಕ್ಕೆ ಸುಮಾರು 71, ಶೇಕಡಾ 1.4. ಅಕ್ಕಪಕ್ಕದ ಎರಡು ಛಾಯೆಗಳ ಅಂತರ ಇದಕ್ಕಿಂತ ಕಿರಿದಾದರೆ ಪಿಕ್ಸೆಲ್ಲಿಗೆ ಅವು ಬೇರೆ ಎಂದು ತಿಳಿಯುವುದಿಲ್ಲ. ಹರವು ಒಂದೇ ಆದರೂ, ಬೆಳಕಿನ ಭಾಗದಲ್ಲಿ ದೊಡ್ಡ ಪಿಕ್ಸೆಲ್ಲಿನ ಛಾಯೆ ಮೂರು ಪಟ್ಟು ನವಿರು. ಡೈನಾಮಿಕ್ ರೇಂಜ್, ಟೋನಲ್ ಗ್ರೇಡೇಶನ್ ಎಂಬ ಪದಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬಿಟ್‌ಗಳ ಲೆಕ್ಕ ಇನ್ನೊಂದು, ಅಂದರೆ ಛಾಯೆಯನ್ನು ಎಷ್ಟು ಮಟ್ಟಗಳಲ್ಲಿ ಬರೆದಿಡಬಹುದು ಎಂಬುದು. ಸೆನ್ಸರ್ ಓದಿದ್ದನ್ನು ಹಾಗೇ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384 ಮಟ್ಟಗಳಿರುತ್ತವೆ. ಮಟ್ಟಗಳು ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಏರುವುದರಿಂದ ಅವುಗಳಲ್ಲಿ ಅರ್ಧ, 8,192, ಅತಿ ಬೆಳಕಿನ ಒಂದೇ ಸ್ಟಾಪಿನ ಪಾಲು. ಅದರ ಕೆಳಗಿನದಕ್ಕೆ 4,096. ಹೀಗೆ ಇಳಿಯುತ್ತಾ ಹತ್ತನೆಯ ಸ್ಟಾಪಿಗೆ ಸಿಗುವುದು ಬರೀ 16. ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದಾಗ ಛಾಯೆ ಒರಟಾಗುವುದರಲ್ಲಿ ಇದರದೂ ಪಾಲಿದೆ.

ಹರವಿಗೂ ನಯಕ್ಕೂ ಜಗ್ಗಾಟ ಕಣ್ಣಿಗೇ ಕಾಣುವುದು ವಿಡಿಯೊದಲ್ಲಿ. 8 ಬಿಟ್ ಅಂದರೆ 256 ಮಟ್ಟ. ಪ್ರತಿ ಸ್ಟಾಪಿಗೂ ಹೆಚ್ಚುಕಡಿಮೆ ಅಷ್ಟೇ ಮಟ್ಟ ಕೊಡುವ ಲಾಗ್ ಪ್ರೊಫೈಲಿನಲ್ಲಿ 14 ಸ್ಟಾಪ್‌ಗೆ ಸಮನಾಗಿ ಹಂಚಿದರೆ ಒಂದಕ್ಕೆ ಸುಮಾರು 18. ಸಂಜೆಯ ತಿಳಿಯಾದ ಆಕಾಶ ಮೇಲಿಂದ ಕೆಳಗೆ ಅರ್ಧ ಸ್ಟಾಪಿನಷ್ಟು ಬದಲಾದರೆ ಅದಕ್ಕೆ ದಕ್ಕುವುದು 9 ಮಟ್ಟ. 4ಕೆ ಚಿತ್ರದ 2,160 ಸಾಲುಗಳನ್ನೂ ಆ ಆಕಾಶವೇ ತುಂಬಿದರೆ ಒಂದೊಂದು ಪಟ್ಟೆ 240 ಸಾಲು ದಪ್ಪ! ಬ್ಯಾಂಡಿಂಗ್ ಅನ್ನುವುದು ಇದನ್ನೇ. ಚೂರು ನಾಯ್ಸ್ ಇದ್ದರೆ ಪಟ್ಟೆಯ ಅಂಚು ಕದಡಿ ಮರೆಯಾಗುತ್ತದೆ, ಹಾಗಾಗಿ ನಾಯ್ಸ್ ಯಾವಾಗಲೂ ಶತ್ರುವಲ್ಲ. 10 ಬಿಟ್‌ನಲ್ಲಿ ಸ್ಟಾಪಿಗೆ 73 ಮಟ್ಟ ಸಿಗುತ್ತವೆ, ಲಾಗ್ ಬೇಕೆಂದವರು 10 ಬಿಟ್ ಕೇಳುವುದು ಅದಕ್ಕಾಗಿ.

ಫೋಟೊ ತೆಗೆಯುವ ಗಳಿಗೆಯಲ್ಲೂ ಇದೇ ಚೌಕಾಸಿ. ಮೋಡ ಉಳಿಸಲು ಎಕ್ಸ್‌ಪೋಶರ್ (ಸೆನ್ಸರಿಗೆ ಬಿಡುವ ಬೆಳಕು) ಎರಡು ಸ್ಟಾಪ್ ಇಳಿಸಿದರೆ ಕೆನ್ನೆಗೆ ಸಿಗುವ ಎಲೆಕ್ಟ್ರಾನ್ ಕಾಲುಭಾಗ, ಛಾಯೆಯ ನಯ ಅರ್ಧ. ಇದನ್ನು ತಪ್ಪಿಸಲು 2003ರಲ್ಲಿ ಫ್ಯೂಜಿಫಿಲ್ಮ್ ತನ್ನ ಸೂಪರ್ ಸಿಸಿಡಿ ಎಸ್‌ಆರ್ ಸೆನ್ಸರಿನಲ್ಲಿ ಬೆಳಕನ್ನು ಎಲೆಕ್ಟ್ರಾನ್ ಮಾಡುವ ದೊಡ್ಡ ಫೋಟೊಡಯೋಡಿನ ಪಕ್ಕ ಬೆಳಕಿಗೆ ಅಷ್ಟು ಚುರುಕಲ್ಲದ ಚಿಕ್ಕದೊಂದನ್ನು ಕೂರಿಸಿತು. ಕೆನ್ನೆ ದೊಡ್ಡದಕ್ಕೆ, ಮೋಡ ಚಿಕ್ಕದಕ್ಕೆ. ಇಂಥ ಜೋಡಿಯಲ್ಲಿ ದೊಡ್ಡದು ತುಂಬಿ ಚಿಕ್ಕದಕ್ಕೆ ದಾಟುವ ಜಾಗದಲ್ಲಿ ಎಲೆಕ್ಟ್ರಾನುಗಳ ಎಣಿಕೆ ಧುತ್ತನೆ ಕುಸಿಯುತ್ತದೆ. ಗಳಿಸಿದ ಹರವಿಗೆ ನಯದಲ್ಲಿ ಬೆಲೆ ತೆರುವುದು ಆ ಬೆಸುಗೆಯಲ್ಲಿ.